ಧ್ವನಿಪೆಟ್ಟಿಗೆಯ ಮೃದ್ವಸ್ಥಿಗೆ ಬರುವ ಕ್ಯಾನ್ಸರ್: ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗಂಟಲಿನ ಕ್ಯಾನ್ಸರ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಸಿಗರೇಟು, ಹೊಗೆಸೊಪ್ಪು, ಕುಡಿತ. ಅದು ತಪ್ಪೇನಲ್ಲ. ಧ್ವನಿಪೆಟ್ಟಿಗೆಯಲ್ಲಿ ಕಾಣಿಸುವ ಕ್ಯಾನ್ಸರ್‌ಗಳಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಒಂದೇ ಬಗೆಯವು. ಹೆಸರು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ಧ್ವನಿಪೆಟ್ಟಿಗೆಯ ಒಳಗೋಡೆಗೆ ತೆಳ್ಳನೆಯ ಒದ್ದೆ ಪದರವೊಂದು ಇದೆಯಲ್ಲ, ಅದರ ಚಪ್ಪಟೆ ಜೀವಕೋಶಗಳಲ್ಲಿ ಅದು ಹುಟ್ಟುತ್ತದೆ. ವರ್ಷಗಟ್ಟಲೆ ಹೊಗೆ ತಾಗಿ ತಾಗಿ ಆ ಪದರ ಕೆಟ್ಟಿರುತ್ತದೆ.

ಇವತ್ತು ನಾನು ಮಾತಾಡುವುದು ಮಿಕ್ಕ ಆ ಸಣ್ಣ ಪಾಲಿನ ಬಗ್ಗೆ. ಅದರಲ್ಲೂ ಮುಖ್ಯವಾಗಿ ಒಂದರ ಬಗ್ಗೆ. ಅದು ಒಳಪದರದಲ್ಲಿ ಹುಟ್ಟುವುದಿಲ್ಲ. ಧ್ವನಿಪೆಟ್ಟಿಗೆಗೆ ಆಕಾರ ಕೊಡುವ ಮೃದ್ವಸ್ಥಿಯಲ್ಲಿ, ಅಂದರೆ ಕಾರ್ಟಿಲೇಜ್‌ನಲ್ಲಿ ಹುಟ್ಟುತ್ತದೆ. ಹೆಸರು ಕಾಂಡ್ರೋಸಾರ್ಕೋಮಾ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬಂದ 100 ಜನರಲ್ಲಿ ಒಬ್ಬರಿಗೆ ಇದು ಇದ್ದರೆ ಅದೇ ಹೆಚ್ಚು. ಅಷ್ಟು ಅಪರೂಪ. ಸಾಮಾನ್ಯವಾಗಿ 50ರಿಂದ 70 ವರ್ಷದ ನಡುವಿನವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ ಕಾಣುತ್ತದೆ.

ಇಷ್ಟು ಅಪರೂಪದ ಕಾಯಿಲೆ ಬಗ್ಗೆ ಯಾಕೆ ಇಷ್ಟೊಂದು ಮಾತು ಅಂತ ನೀವು ಕೇಳಬಹುದು. ಕಾರಣ ಇದೆ. ಈ ಗಡ್ಡೆಯನ್ನು ಬೇರುಸಹಿತ ತೆಗೆಯಬೇಕು ಅಂತ ಹೊರಟರೆ ಎಷ್ಟೋ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆದರೆ ಗಡ್ಡೆ ಬೆಳೆಯುವುದು ತುಂಬಾ ನಿಧಾನ. ಬೇರೆ ಅಂಗಗಳಿಗೆ ಹರಡುವುದು ಕಡಿಮೆ. ಹಾಗಾದರೆ ಒಬ್ಬ ಮನುಷ್ಯನ ಮಾತನ್ನು ಯಾವಾಗ, ಎಷ್ಟರ ಮಟ್ಟಿಗೆ ಪಣಕ್ಕಿಡಬೇಕು? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಉಸಿರು ಕಟ್ಟುವ ಪರಿಸ್ಥಿತಿ ಇಲ್ಲದಿದ್ದರೆ ಈ ಕಾಯಿಲೆಯಲ್ಲಿ ಅವಸರ ಬೇಡ. ಮೊದಲು ಇದು ಯಾವ ಕ್ಯಾನ್ಸರ್ ಅಂತ ಖಚಿತವಾಗಬೇಕು. ಆಮೇಲೆ ಧ್ವನಿಪೆಟ್ಟಿಗೆ ಯಾರದ್ದೋ, ಅವರು ಕೂತು, ಕೇಳಿ, ಯೋಚಿಸಿ ತೀರ್ಮಾನ ತೆಗೆದುಕೊಳ್ಳಬೇಕು.

ಧ್ವನಿಪೆಟ್ಟಿಗೆ ಅಂತ ಹೆಸರು ಇಟ್ಟುಬಿಟ್ಟಿದ್ದೇವೆ, ಆದರೆ ಮಾತು ಅದರ ಮೊದಲ ಕೆಲಸ ಅಲ್ಲ. ಮೊದಲ ಕೆಲಸ ಶ್ವಾಸಕೋಶಕ್ಕೆ ಕಾವಲು. ನಾವು ನುಂಗಿದ ಪ್ರತಿಯೊಂದು ತುತ್ತೂ ಉಸಿರಿನ ದಾರಿಯ ಬಾಯಿಯ ಮೇಲೆಯೇ ಹಾದು ಅನ್ನನಾಳಕ್ಕೆ ಇಳಿಯುತ್ತದೆ. ಆ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೆದ್ದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ತಡವಾದರೂ ನೆತ್ತಿಗೆ ಹತ್ತುತ್ತದೆ, ಕೆಮ್ಮು ಬರುತ್ತದೆ. ಎರಡನೆಯ ಕೆಲಸ ಉಸಿರಾಟಕ್ಕೆ ದಾರಿ ತೆರೆದಿಡುವುದು. ಮಾತು ಮೂರನೆಯದು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುತ್ತೇವೆ ಅಲ್ವಾ, ಅದೂ ಇದೇ ಬಾಗಿಲು ಮುಚ್ಚುವುದರಿಂದ. ಈ ಮೂರೂ ಕೆಲಸಗಳು ಒಂದೇ ಸಣ್ಣ ಜಾಗದಲ್ಲಿ ನಡೆಯುವುದರಿಂದ ಅಲ್ಲಿ ಏನೇ ಕತ್ತರಿಸಿದರೂ ಒಂದಕ್ಕೆ ಒಳ್ಳೆಯದು ಮಾಡಲು ಹೋಗಿ ಇನ್ನೊಂದಕ್ಕೆ ಪೆಟ್ಟು ಬೀಳಬಹುದು.

ಕತ್ತಿನ ಮುಂಭಾಗ ಮುಟ್ಟಿ ನೋಡಿಕೊಳ್ಳಿ. ಗಂಡಸರಲ್ಲಿ ಉಬ್ಬಿ ಕಾಣುವ ಗಟ್ಟಿ ಭಾಗ ಥೈರಾಯ್ಡ್ ಮೃದ್ವಸ್ಥಿ. ಥೈರಾಯ್ಡ್ ಗ್ರಂಥಿ ಬೇರೆ, ಅದು ಇನ್ನೂ ಕೆಳಗಿದೆ. ಬೆರಳನ್ನು ಹಾಗೇ ಕೆಳಗೆ ಜಾರಿಸಿ. ಒಂದು ಸಣ್ಣ ತಗ್ಗು ಸಿಗುತ್ತದೆ. ಅದರ ಕೆಳಗೆ ಅಡ್ಡಕ್ಕೆ ಒಂದು ಗಟ್ಟಿ ಪಟ್ಟಿ ಬೆರಳಿಗೆ ತಾಗುತ್ತದೆ. ಅದೇ ಕ್ರಿಕಾಯ್ಡ್. ಇವತ್ತಿನ ನಮ್ಮ ಮಾತೆಲ್ಲ ಸುತ್ತುವುದು ಅದರ ಸುತ್ತಲೇ.

ಕ್ರಿಕಾಯ್ಡ್ ಮುದ್ರೆಯುಂಗುರದ ಹಾಗಿದೆ. ಮುಂದೆ ತೆಳು, 5ರಿಂದ 7 ಮಿಲಿಮೀಟರ್ ಎತ್ತರ ಅಷ್ಟೇ. ಹಿಂದೆ ಅಗಲವಾದ ಫಲಕ, 2ರಿಂದ 3 ಸೆಂಟಿಮೀಟರ್ ಎತ್ತರ. ಮೂಗಿನಿಂದ ಶ್ವಾಸಕೋಶದವರೆಗಿನ ಇಡೀ ದಾರಿಯಲ್ಲಿ ಸುತ್ತಲೂ ಪೂರ್ತಿ ಮುಚ್ಚಿಕೊಂಡಿರುವ ಬಳೆ ಇದೊಂದೇ. ಕೆಳಗಿನ ಶ್ವಾಸನಾಳದ ಬಳೆಗಳೆಲ್ಲ ಹಿಂದುಗಡೆ ತೆರೆದಿರುತ್ತವೆ. ಆ ಹಿಂಬದಿಯ ಫಲಕದ ಮೇಲೆ ಆರಿಟಿನಾಯ್ಡ್ ಎಂಬ ಎರಡು ಪುಟ್ಟ ಮೃದ್ವಸ್ಥಿಗಳು ಕೂತಿವೆ. ಧ್ವನಿತಂತುಗಳ ಹಿಂತುದಿ ಅವಕ್ಕೆ ಅಂಟಿಕೊಂಡಿದೆ. ಅವು ತಿರುಗಿದರೆ ತಂತುಗಳು ತೆರೆಯುತ್ತವೆ, ಮುಚ್ಚುತ್ತವೆ. ಆ ಸ್ನಾಯುಗಳನ್ನು ಆಡಿಸುವ ನರಗಳು ಎರಡೂ ಪಕ್ಕದಿಂದ ಕ್ರಿಕಾಯ್ಡ್‌ಗೆ ತೀರಾ ಹತ್ತಿರ ಹಾದು ಹೋಗುತ್ತವೆ.

ಧ್ವನಿಪೆಟ್ಟಿಗೆಯ ಕಾಂಡ್ರೋಸಾರ್ಕೋಮಾಗಳಲ್ಲಿ ಸುಮಾರು ಮುಕ್ಕಾಲು ಪಾಲು ಹುಟ್ಟುವುದು ಈ ಕ್ರಿಕಾಯ್ಡ್‌ನಲ್ಲೇ, ಅದರಲ್ಲೂ ಹಿಂಬದಿಯ ಫಲಕದಲ್ಲಿ. ಉಳಿದವು ಹೆಚ್ಚಾಗಿ ಥೈರಾಯ್ಡ್ ಮೃದ್ವಸ್ಥಿಯಲ್ಲಿ. ಯಾಕೆ ಅಲ್ಲೇ ಹುಟ್ಟುತ್ತದೆ ಅನ್ನುವುದಕ್ಕೆ ಒಂದು ವಿವರಣೆ ಇದೆ. ಈ ಮೃದ್ವಸ್ಥಿಗಳು ನಮಗೆ ಇಪ್ಪತ್ತು ದಾಟಿದ ಮೇಲೆ ನಿಧಾನವಾಗಿ ಎಲುಬಾಗುತ್ತಾ ಹೋಗುತ್ತವೆ. ಸ್ನಾಯುಗಳು ಎಳೆಯುವ ಕಡೆ ಆ ಬದಲಾವಣೆ ಜಾಸ್ತಿ. ಎಲುಬಾಗುವ ಆ ಕೆಲಸದಲ್ಲಿ ಎಡವಟ್ಟಾಗಿ ಗಡ್ಡೆ ಶುರುವಾಗುತ್ತದೆ ಅನ್ನುವುದು ಆ ವಿವರಣೆ. ಇದಕ್ಕೆ ಹೊಂದುವ ಒಂದು ಸಂಗತಿ: ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮೃದ್ವಸ್ಥಿ ಎಲುಬಾಗುವ ಜಾತಿಯದ್ದಲ್ಲ, ಅಲ್ಲಿ ಈ ಗಡ್ಡೆ ಹುಟ್ಟುವುದು ತೀರಾ ವಿರಳ. ಇಷ್ಟಾದರೂ ಇದು ಸಾಬೀತಾದ ಮಾತಲ್ಲ.

ಈಗ ಲಕ್ಷಣಗಳಿಗೆ ಬರೋಣ. ಗಡ್ಡೆ ಒಳಗಡೆ, ಉಸಿರಿನ ದಾರಿಯೊಳಕ್ಕೆ ಉಬ್ಬುತ್ತಾ ಬರುತ್ತದೆ. ಮೊದಲು ಧ್ವನಿ ಗೊಗ್ಗರಾಗಬಹುದು. ಮೆಟ್ಟಿಲು ಹತ್ತಿದರೆ ಏದುಸಿರು. ಹಿಂದಕ್ಕೆ ಬೆಳೆದರೆ ಅನ್ನನಾಳದ ಮೇಲೆ ಒತ್ತಿ ನುಂಗಲು ಕಷ್ಟ. ಥೈರಾಯ್ಡ್ ಮೃದ್ವಸ್ಥಿಯಲ್ಲಾದರೆ ಕತ್ತಿನಲ್ಲಿ ಗಟ್ಟಿ ಗಂಟು ಕೈಗೆ ಸಿಗುತ್ತದೆ, ಸಾಮಾನ್ಯವಾಗಿ ನೋವಿಲ್ಲ. ಇದೆಲ್ಲ ತಿಂಗಳುಗಳಲ್ಲಿ, ಕೆಲವರಲ್ಲಿ ವರ್ಷಗಳಲ್ಲಿ ಆಗುವುದು. ಹೀಗಾಗಿ ದೇಹ ಹೊಂದಿಕೊಂಡುಬಿಡುತ್ತದೆ. ಮನುಷ್ಯ ತನಗೇ ಗೊತ್ತಾಗದ ಹಾಗೆ ನಡಿಗೆ ನಿಧಾನ ಮಾಡಿಕೊಳ್ಳುತ್ತಾನೆ, ವಯಸ್ಸಾಯಿತು ಅಂದುಕೊಳ್ಳುತ್ತಾನೆ. ಕೊನೆಗೆ ಯಾವುದೋ ನೆಗಡಿ ಬಂದು ಒಳಪದರ ಸ್ವಲ್ಪ ಊದಿಕೊಂಡಿತು ಅಂದರೆ, ಉಳಿದಿದ್ದ ಕಿರಿದಾದ ದಾರಿಯೂ ಮುಚ್ಚಿ ಮಧ್ಯರಾತ್ರಿ ಎಮರ್ಜೆನ್ಸಿಗೆ ಓಡುವ ಸ್ಥಿತಿ ಬರುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಈ ರೋಗಿಗಳಲ್ಲಿ ಹಲವರು ಅಸ್ತಮಾ ಅಂತ ವರ್ಷಗಟ್ಟಲೆ ಇನ್‌ಹೇಲರ್ ಎಳೆದಿರುತ್ತಾರೆ. ಇದು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಸಿಗುವ ಕಥೆ. ವ್ಯತ್ಯಾಸ ಕಿವಿಗೊಟ್ಟರೆ ತಿಳಿಯುತ್ತದೆ. ಅಸ್ತಮಾದ ಸುಯ್ಯೆನ್ನುವ ಸದ್ದು ಎದೆಯೊಳಗಿಂದ, ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ. ಧ್ವನಿಪೆಟ್ಟಿಗೆಯ ಹತ್ತಿರ ದಾರಿ ಕಿರಿದಾಗಿದ್ದರೆ ಸದ್ದು ಕತ್ತಿನಿಂದ ಬರುತ್ತದೆ, ಉಸಿರು ಎಳೆದುಕೊಳ್ಳುವಾಗ ಜೋರಾಗಿರುತ್ತದೆ. ಇದಕ್ಕೆ ಸ್ಟ್ರೈಡರ್ ಅನ್ನುತ್ತೇವೆ. ಊದಿ ಮಾಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲೂ ಸುಳಿವು ಸಿಗುತ್ತದೆ. ಆರೋಗ್ಯವಂತರ ಗೆರೆ ಚೂಪಾಗಿ ಏರಿ ಇಳಿಯುತ್ತದೆ, ಇವರದ್ದು ಚಪ್ಪಟೆಯಾಗಿರುತ್ತದೆ. ಇನ್‌ಹೇಲರ್‌ನಿಂದ ಏನೂ ಉಪಯೋಗ ಆಗದ ಅಸ್ತಮಾ ಇದ್ದರೆ, ಗಂಟಲೊಳಗೆ ಒಮ್ಮೆ ನೋಡಿ ಅಂತ ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಹಾಗೆಯೇ, ಮೂರು ವಾರ ದಾಟಿದ ಗೊಗ್ಗರು ಧ್ವನಿ ಯಾರದ್ದೇ ಆಗಿರಲಿ, ಸಿಗರೇಟು ಸೇದುವವರೋ ಅಲ್ಲವೋ, ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.

ಗಂಟಲೊಳಗೆ ನೋಡುವುದು ಅಂದೆ. ಆ ದಾರಿಯನ್ನು ತೋರಿಸಿಕೊಟ್ಟವರು ಒಬ್ಬ ಸಂಗೀತದ ಮೇಷ್ಟ್ರು. ಮಾನ್ಯುಯೆಲ್ ಗಾರ್ಸಿಯಾ ಅಂತ. 1854ರಲ್ಲಿ ಹಿಡಿಯಿರುವ ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಟ್ಟು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕು ಬಿಟ್ಟು, ಹಾಡುವಾಗ ತಮ್ಮದೇ ಧ್ವನಿತಂತುಗಳು ಹೇಗೆ ಆಡುತ್ತವೆ ಅಂತ ನೋಡಿದರು. ಈಗ ಮೂಗಿನ ಮೂಲಕ ಇಳಿಸುವ ತೆಳ್ಳನೆಯ ಎಂಡೋಸ್ಕೋಪ್ ಇದೆ, ಕೆಲವೇ ನಿಮಿಷದ ಕೆಲಸ. ಕಾಂಡ್ರೋಸಾರ್ಕೋಮಾ ಇದ್ದರೆ ಧ್ವನಿತಂತುಗಳ ಕೆಳಗೆ ನುಣುಪಾದ ಉಬ್ಬು ಕಾಣುತ್ತದೆ. ಹುಣ್ಣಿಲ್ಲ, ರಕ್ತ ಇಲ್ಲ, ಮೇಲಿನ ಪದರ ಹೊಳೆಯುತ್ತಾ ಸರಿಯಾಗೇ ಇರುತ್ತದೆ. ಸಾಮಾನ್ಯ ಕ್ಯಾನ್ಸರ್ ಹೀಗಿರುವುದಿಲ್ಲ. ಅದು ಒರಟಾಗಿ, ಹುಣ್ಣಾಗಿ ಕಾಣುತ್ತದೆ. ಕೆಲವು ಸಲ ಒಂದು ಧ್ವನಿತಂತು ಅಲುಗಾಡದೆ ನಿಂತಿರುವುದಷ್ಟೇ ಕಣ್ಣಿಗೆ ಬೀಳುತ್ತದೆ.

ಇಂಥ ನುಣುಪು ಉಬ್ಬು ಕಂಡಾಗ ಚೂರು ಕಿತ್ತು ಬಯಾಪ್ಸಿಗೆ ಕಳಿಸುವ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಸ್ಕ್ಯಾನ್‌ನಲ್ಲಿ ಮೃದ್ವಸ್ಥಿ ಉಬ್ಬಿ, ಗೋಡೆ ತೆಳುವಾಗಿ, ನಡುವೆ ಸುಣ್ಣದ ಚುಕ್ಕೆಗಳು ಹರಡಿರುತ್ತವೆ. ಪುಟ್ಟ ಉಂಗುರ, ಕಮಾನುಗಳ ಆಕಾರದಲ್ಲಿರುತ್ತವೆ. ರೇಡಿಯಾಲಜಿಸ್ಟ್‌ಗಳು ಅದನ್ನು ಪಾಪ್‌ಕಾರ್ನ್ ಅಂತಲೇ ಕರೆಯುತ್ತಾರೆ. ಅನುಭವ ಇರುವವರು ಸ್ಕ್ಯಾನ್ ನೋಡಿಯೇ ಹೆಸರು ಹೇಳಿಬಿಡಬಹುದು. ಎಂ.ಆರ್.ಐ. ಮಾಡಿದರೆ ಗಡ್ಡೆಯ ಅಂಚು ಎಲ್ಲಿಯವರೆಗೆ ಇದೆ ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಬಯಾಪ್ಸಿಯಲ್ಲಿ ಎರಡು ತೊಡಕುಗಳಿವೆ. ಗಡ್ಡೆ ಗಟ್ಟಿ, ಆಳದಲ್ಲಿದೆ. ಬಯಾಪ್ಸಿಯ ಚಿಮುಟ ಮೇಲೆಯೇ ಜಾರಿ, ಬರೀ ಒಳಪದರದ ಚೂರು ಕೈಗೆ ಬರುತ್ತದೆ. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇಲ್ಲ ಅಂತ ಬರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಗಡ್ಡೆ ಮಾತ್ರ ಅಲ್ಲೇ ಇರುತ್ತದೆ.

ಬಯಾಪ್ಸಿಯ ಈ ಮಿತಿಗೆ ಚರಿತ್ರೆಯಲ್ಲಿ ದೊಡ್ಡ ಸಾಕ್ಷಿ ಇದೆ. ಕಾಯಿಲೆ ಬೇರೆ, ಪಾಠ ಅದೇ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್‌ಗೆ ಧ್ವನಿ ಗೊಗ್ಗರಾಯಿತು. ಕೆಲವು ಜರ್ಮನ್ ವೈದ್ಯರು ಕ್ಯಾನ್ಸರ್ ಅಂದರು, ಕತ್ತು ಬಿಡಿಸಿ ಗಡ್ಡೆ ತೆಗೆಯೋಣ ಅಂದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿ ಮೊದಲು ಚೂರು ತೆಗೆದು ಪರೀಕ್ಷಿಸಬೇಕು ಅಂದರು. ಆ ಚೂರನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದವರು ಆ ಕಾಲದ ಅತಿ ದೊಡ್ಡ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಖೋ. ಅವರಿಗೆ ಕ್ಯಾನ್ಸರ್ ಕಾಣಲಿಲ್ಲ. ಆಪರೇಶನ್ ನಿಂತಿತು. 1888ರ ಫೆಬ್ರವರಿಯಲ್ಲಿ ಉಸಿರು ಕಟ್ಟಿ ಕತ್ತಿಗೆ ತೂತು ಮಾಡಿ ಕೊಳವೆ ಹಾಕಬೇಕಾಯಿತು. ಮಾರ್ಚ್‌ನಲ್ಲಿ ಚಕ್ರವರ್ತಿಯಾದ ಫ್ರೆಡರಿಕ್ 99 ದಿನ ಮಾತ್ರ ಆಳಿ, ಜೂನ್ 15ರಂದು ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಕ್ಯಾನ್ಸರ್ ಇರುವುದು ಖಚಿತವಾಯಿತು. ವಿರ್ಖೋ ತಮ್ಮ ಕೈಗೆ ಬಂದ ಚೂರಿನ ಬಗ್ಗೆ ಮಾತ್ರ ಹೇಳಬಲ್ಲವರಾಗಿದ್ದರು. ನೆಗೆಟಿವ್ ಬಯಾಪ್ಸಿ ರಿಪೋರ್ಟ್ ಬಂದಾಗ ವೈದ್ಯರು ಮೊದಲು ಕೇಳಿಕೊಳ್ಳಬೇಕಾದದ್ದು, ಆ ಚೂರು ನಿಜವಾಗಿ ಗಡ್ಡೆಯೊಳಗಿಂದಲೇ ಬಂದದ್ದಾ ಅಂತ.

ಎರಡನೆಯ ತೊಡಕು ಮೈಕ್ರೋಸ್ಕೋಪ್ ಕೆಳಗೆ. ಸಾಮಾನ್ಯ ಮೃದ್ವಸ್ಥಿಯಲ್ಲಿ ಗಾಜಿನಂಥ ತಿಳಿ ಹಿನ್ನೆಲೆಯೊಳಗೆ ಅಲ್ಲೊಂದು ಇಲ್ಲೊಂದು ಪುಟ್ಟ ಗುಳಿ, ಪ್ರತಿ ಗುಳಿಯಲ್ಲಿ ಒಂದೋ ಎರಡೋ ಜೀವಕೋಶ. ಸೌಮ್ಯ ದರ್ಜೆಯ ಕಾಂಡ್ರೋಸಾರ್ಕೋಮಾದಲ್ಲಿ ಆ ಜೀವಕೋಶಗಳು ಸ್ವಲ್ಪ ಜಾಸ್ತಿ ಇರುತ್ತವೆ, ಅವುಗಳ ನ್ಯೂಕ್ಲಿಯಸ್ ಸ್ವಲ್ಪ ದಪ್ಪಗಿರುತ್ತದೆ, ಕೆಲವದರಲ್ಲಿ ಎರಡೆರಡು ಇರುತ್ತವೆ. ಅಷ್ಟೇ. ಕಾಂಡ್ರೋಮಾ ಎಂಬ ನಿರಪಾಯಕಾರಿ ಗಡ್ಡೆಗೂ ಇದಕ್ಕೂ ಗೆರೆ ಎಳೆಯುವುದು ನುರಿತವರಿಗೂ ಕಷ್ಟ. ಒಂದೇ ಗಡ್ಡೆಯಲ್ಲಿ ಎರಡೂ ಅಕ್ಕಪಕ್ಕ ಇರುವುದೂ ಉಂಟು. ಅದಕ್ಕೇ ಸ್ಕ್ಯಾನ್ ನೋಡಿದವರು, ಸ್ಲೈಡ್ ನೋಡಿದವರು, ಎಂಡೋಸ್ಕೋಪ್‌ನಲ್ಲಿ ಕಣ್ಣಾರೆ ಕಂಡವರು ಮೂವರೂ ಕೂತು ಮಾತಾಡಬೇಕು. ಇಂಥ ಅಪರೂಪದ ಕಾಯಿಲೆಯಲ್ಲಿ ಸ್ಲೈಡನ್ನು ಇನ್ನೊಬ್ಬ ಪರಿಣತರಿಗೆ ತೋರಿಸಿ ಎರಡನೆಯ ಅಭಿಪ್ರಾಯ ಪಡೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾವ ವೈದ್ಯರೂ ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಗಡ್ಡೆಗೆ ಮೂರು ದರ್ಜೆ ಕೊಡುತ್ತಾರೆ. ಹೆಚ್ಚಿನವು ಒಂದನೆಯ ಇಲ್ಲವೇ ಎರಡನೆಯ ದರ್ಜೆಯವು. ಮೂರನೆಯದು ಕಡಿಮೆ. ಇದರ ಹೊರತಾಗಿ ಡೀಡಿಫರೆನ್ಷಿಯೇಟೆಡ್ ಎಂಬ ಒಂದು ಉಗ್ರ ರೂಪ ಇದೆ, ತೀರಾ ವಿರಳ. ನಾನು ಅವಸರ ಬೇಡ ಅಂದ ಮಾತು ಆ ರೂಪಕ್ಕೆ ಅನ್ವಯಿಸುವುದಿಲ್ಲ. ಅದು ಬೇಗ ಬೆಳೆಯುತ್ತದೆ, ಹರಡುತ್ತದೆ, ಅದಕ್ಕೆ ಬೇಗನೆ ದೊಡ್ಡ ಆಪರೇಶನ್ನೇ ಬೇಕು.

ಹೆಸರು ಖಚಿತವಾಗಲೇಬೇಕು ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೂ ಒಂದು ಕಾರಣ ಇದೆ. ಧ್ವನಿಪೆಟ್ಟಿಗೆಯ ಉಳಿದ ಅಪರೂಪದ ಕ್ಯಾನ್ಸರ್‌ಗಳಿಗೆ ಒಂದೊಂದಕ್ಕೂ ದಾರಿ ಬೇರೆ. ಪ್ಲಾಸ್ಮಾ ಜೀವಕೋಶಗಳ ಒಂಟಿ ಗಡ್ಡೆ ರೇಡಿಯೇಶನ್‌ಗೆ ಚೆನ್ನಾಗಿ ಕರಗುತ್ತದೆ, ಕತ್ತರಿಸುವ ಅಗತ್ಯ ಬರುವುದು ಕಡಿಮೆ. ಲಿಂಫೋಮಾಕ್ಕೆ ಕೀಮೋ, ರೇಡಿಯೇಶನ್. ಸ್ಮಾಲ್ ಸೆಲ್ ಜಾತಿಯದ್ದು ಬೇಗ ಹರಡುವುದರಿಂದ ಕೀಮೋ, ರೇಡಿಯೇಶನ್ ಎರಡೂ ಸೇರಿಸಿ ಕೊಡುತ್ತಾರೆ. ಸಣ್ಣ ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ನರಗಳ ಗುಂಟ ಹರಿದು ಹೋಗುತ್ತದೆ, ಆಪರೇಶನ್ ಆದ ಮೇಲೆ ಹೆಚ್ಚಾಗಿ ರೇಡಿಯೇಶನ್ ಬೇಕಾಗುತ್ತದೆ. ಗಂಟಲಿನ ಕ್ಯಾನ್ಸರ್ ಅನ್ನುವ ಒಂದೇ ಮಾತಿನಲ್ಲಿ ಇವನ್ನೆಲ್ಲ ಕಟ್ಟಿಹಾಕಿದರೆ, ರೇಡಿಯೇಶನ್‌ನಲ್ಲಿ ವಾಸಿಯಾಗಬಹುದಾಗಿದ್ದ ಒಬ್ಬರ ಧ್ವನಿಪೆಟ್ಟಿಗೆ ಹೋಗುತ್ತದೆ, ರೇಡಿಯೇಶನ್‌ಗೆ ಬಗ್ಗದ ಇನ್ನೊಬ್ಬರಿಗೆ ಸುಮ್ನೆ ವಾರಗಟ್ಟಲೆ ರೇಡಿಯೇಶನ್ ಆಗುತ್ತದೆ.

ಕಾಂಡ್ರೋಸಾರ್ಕೋಮಾ ಆ ಎರಡನೆಯ ಗುಂಪಿನದ್ದು. ಮೃದ್ವಸ್ಥಿಯೊಳಗೆ ರಕ್ತನಾಳಗಳು ಇಲ್ಲ, ಹಾಗಾಗಿ ಕೀಮೋ ಔಷಧ ತಲುಪುವುದೇ ಕಷ್ಟ. ರೇಡಿಯೇಶನ್ ಹೆಚ್ಚಾಗಿ ಕೆಲಸ ಮಾಡುವುದು ಬೇಗ ಬೇಗ ಒಡೆದು ಎರಡಾಗುವ ಜೀವಕೋಶಗಳ ಮೇಲೆ, ಇವು ಆಮೆಗತಿಯವು. ಆಪರೇಶನ್ ಸಾಧ್ಯವೇ ಇಲ್ಲದ ಕಡೆ ಅಥವಾ ಉಗ್ರ ದರ್ಜೆಯ ಗಡ್ಡೆಗೆ ರೇಡಿಯೇಶನ್ ಬಳಸುವುದುಂಟು. ತಲೆಬುರುಡೆಯ ತಳದಲ್ಲಿ ಬರುವ ಕಾಂಡ್ರೋಸಾರ್ಕೋಮಾಕ್ಕೆ ಪ್ರೋಟಾನ್ ರೇಡಿಯೇಶನ್ ಒಳ್ಳೆಯ ಫಲ ಕೊಟ್ಟಿದೆ. ಆದರೂ ಧ್ವನಿಪೆಟ್ಟಿಗೆಯ ಮಟ್ಟಿಗೆ ಮುಖ್ಯ ಚಿಕಿತ್ಸೆ ಆಪರೇಶನ್ನೇ.

ಆಪರೇಶನ್ ಶುರುವಾಗುವ ಮೊದಲೇ ಒಂದು ಗಂಡಾಂತರ ದಾಟಬೇಕು, ಅದು ಅರಿವಳಿಕೆ. ಉಸಿರಿನ ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ. ಅಲ್ಲಿಗೇ ಕೊಳವೆ ಇಳಿಸಬೇಕು. ಮಾಮೂಲಿ ಕೊಳವೆ ಹೋಗುವುದಿಲ್ಲ. ರೋಗಿ ಎಚ್ಚರವಾಗಿದ್ದು ತಾನೇ ಉಸಿರಾಡುತ್ತಿರುವಾಗ, ಗಂಟಲನ್ನು ಮಾತ್ರ ಮರಗಟ್ಟಿಸಿ, ಎಂಡೋಸ್ಕೋಪ್ ಮೇಲೆ ಸಣ್ಣ ಕೊಳವೆ ಜಾರಿಸಬೇಕಾಗಬಹುದು. ಅದೂ ಅಪಾಯ ಅನಿಸಿದರೆ ಮೊದಲೇ ಕತ್ತಿನಲ್ಲಿ ತೂತು ಮಾಡಿ, ಅಂದರೆ ಟ್ರೇಕಿಯಾಸ್ಟಮಿ ಮಾಡಿ, ಅಲ್ಲಿಂದ ಉಸಿರು ಕೊಡುತ್ತಾರೆ. ಸರ್ಜನ್ ಮತ್ತು ಅರಿವಳಿಕೆ ತಜ್ಞರು ಮುಂಚಿತವಾಗಿ ಕೂತು ಇದನ್ನು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಿರಬೇಕು.

ಗಡ್ಡೆ ಚಿಕ್ಕದಿದ್ದು ಒಳಕ್ಕೆ ಉಬ್ಬಿದ್ದರೆ ಬಾಯಿಯ ಮೂಲಕವೇ ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಕೆತ್ತಿ ತೆಗೆಯಬಹುದು. ಹೊರಗೆ ಗಾಯ ಇಲ್ಲ. ಇನ್ನು ಸ್ವಲ್ಪ ದೊಡ್ಡದಿದ್ದರೆ ಕತ್ತನ್ನು ತೆರೆದು, ಥೈರಾಯ್ಡ್ ಮೃದ್ವಸ್ಥಿಯನ್ನು ಮುಂದೆ ನಡುಮಧ್ಯ ಸೀಳಿ, ಎರಡು ಕಡೆಗೂ ಬಿಡಿಸುತ್ತಾರೆ. ಒಳಪದರ ಹರಿಯದ ಹಾಗೆ ಮೇಲಕ್ಕೆತ್ತಿ, ಅದರ ಕೆಳಗಿನ ಗಡ್ಡೆಯನ್ನು ಬಿಡಿಸಿ ತೆಗೆದು, ಪದರವನ್ನು ಮತ್ತೆ ಹೊದಿಸುತ್ತಾರೆ. ಗಡ್ಡೆ ಬೂದು-ಬಿಳಿ ಬಣ್ಣಕ್ಕೆ, ಅರೆಪಾರದರ್ಶಕವಾಗಿ, ಚಾಕು ತಾಗಿದರೆ ಸುಣ್ಣ ಕರಕರ ಅನ್ನುವ ಹಾಗಿರುತ್ತದೆ.

ಅಸಲಿ ಇಕ್ಕಟ್ಟು ಶುರುವಾಗುವುದು ಕ್ರಿಕಾಯ್ಡ್‌ನ ಅರ್ಧಕ್ಕಿಂತ ಜಾಸ್ತಿ ತೆಗೆಯಬೇಕಾಗಿ ಬಂದಾಗ. ಆ ಬಳೆ ಹೋದರೆ ದಾರಿ ಒಳಕ್ಕೆ ಕುಸಿಯುತ್ತದೆ. ಆರಿಟಿನಾಯ್ಡ್‌ಗಳಿಗೆ ಕೂರಲು ಜಾಗ ಇರುವುದಿಲ್ಲ, ನುಂಗುವಾಗ ಬಾಗಿಲು ಮುಚ್ಚುವುದಿಲ್ಲ. ಪಕ್ಕೆಲುಬಿನ ಮೃದ್ವಸ್ಥಿಯ ತುಂಡು ಕೂರಿಸಿ ಗೋಡೆ ಕಟ್ಟುವುದು ಒಂದು ಉಪಾಯ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಪಿಯರ್ ಡಿಲೇರ್ ಇನ್ನೊಂದು ದಾರಿ ತೋರಿಸಿದರು. ಮುಂಗೈಯ ಅಂಗಾಂಶವನ್ನು ರಕ್ತನಾಳ ಸಮೇತ ತಂದು ಶ್ವಾಸನಾಳದ ಒಂದು ಭಾಗಕ್ಕೆ ಸುತ್ತಿ, ಅದು ಹೊಸ ರಕ್ತಕ್ಕೆ ಹೊಂದಿಕೊಂಡ ಮೇಲೆ ಆ ಭಾಗವನ್ನು ಮೇಲಕ್ಕೆ ಜರುಗಿಸಿ ಧ್ವನಿಪೆಟ್ಟಿಗೆಯ ಅರ್ಧ ಗೋಡೆ ಕಟ್ಟುವ ವಿಧಾನ ಅದು. ಕೆಲವೇ ಕಡೆ ಮಾಡುತ್ತಾರೆ. ಎಲ್ಲರಿಗೂ ಹೊಂದುವುದಿಲ್ಲ.

ಇದಲ್ಲದೆ ಇನ್ನೊಂದು ದಾರಿ ಇದೆ, ಕೇಳಿದರೆ ಕೆಲವರಿಗೆ ಗಾಬರಿಯಾಗುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆಯದೆ, ಉಸಿರಿಗೆ ಅಡ್ಡ ಬರುವಷ್ಟನ್ನು ಮಾತ್ರ ಕೆತ್ತಿ ತೆಗೆಯುವುದು. ಮತ್ತೆ ಬೆಳೆದಾಗ ಮತ್ತೆ ಕೆತ್ತುವುದು. ಬೇರೆ ಕ್ಯಾನ್ಸರ್‌ನಲ್ಲಿ ಹೀಗೆ ಮಾಡಿದರೆ ತಪ್ಪಾಗುತ್ತದೆ. ಇಲ್ಲಿ, ಸೌಮ್ಯ ದರ್ಜೆಯ ಗಡ್ಡೆಯಲ್ಲಿ, ಇದು ಒಪ್ಪುವ ಮಾತು. ಲೆಸ್ಟರ್ ಥಾಂಪ್ಸನ್ ಮತ್ತು ಫ್ರಾನ್ಸಿಸ್ ಗ್ಯಾನನ್ 2002ರಲ್ಲಿ ಇಂಥ 111 ರೋಗಿಗಳ ಮಾಹಿತಿ ಒಟ್ಟುಗೂಡಿಸಿ ಪ್ರಕಟಿಸಿದರು. ಧ್ವನಿ ಉಳಿಸುವ ಆಪರೇಶನ್‌ನಿಂದ ಶುರುಮಾಡಿದರೂ ದೀರ್ಘಕಾಲದ ಫಲ ಚೆನ್ನಾಗಿಯೇ ಇರುತ್ತದೆ ಅನ್ನುವುದು ಅವರು ಕಂಡುಕೊಂಡದ್ದು. ಒಟ್ಟಾರೆ ನೋಡಿದರೂ, ಐದು ವರ್ಷದ ನಂತರ ಈ ಕಾಯಿಲೆಯಿಂದ ಸಾಯದೆ ಉಳಿದವರು 100ಕ್ಕೆ 90ರ ಆಸುಪಾಸು. ಮತ್ತೆ ಬೆಳೆದರೆ ಆಗಲೂ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯುವ ದಾರಿ ತೆರೆದೇ ಇರುತ್ತದೆ.

ಹಾಗಂತ ಪೂರ್ತಿ ತೆಗೆಯುವ ಆಪರೇಶನ್ನನ್ನು ರಾಕ್ಷಸನ ಹಾಗೆ ನೋಡುವುದೂ ಸರಿಯಲ್ಲ. ದಿನಾ ನೆತ್ತಿಗೆ ಹತ್ತಿ ಹತ್ತಿ ನ್ಯುಮೋನಿಯಾ ಆಗುವ ಉಳಿಸಿದ ಧ್ವನಿಪೆಟ್ಟಿಗೆಗಿಂತ, ಅದನ್ನು ತೆಗೆದು ನೆಮ್ಮದಿಯಾಗಿ ಊಟ ಮಾಡುವುದು ಎಷ್ಟೋ ಜನರಿಗೆ ಮೇಲು. ಕ್ಯಾನ್ಸರ್‌ಗಾಗಿ ಮೊದಲ ಸಲ ಇಡೀ ಧ್ವನಿಪೆಟ್ಟಿಗೆ ತೆಗೆದವರು ಥಿಯೋಡೋರ್ ಬಿಲ್‌ರೋತ್, ವಿಯೆನ್ನಾದಲ್ಲಿ, 1873ರ ಡಿಸೆಂಬರ್ 31ರಂದು. ರೋಗಿ 36 ವರ್ಷದ ಒಬ್ಬ ಶಿಕ್ಷಕ. ಬಿಲ್‌ರೋತ್ ಅವರ ಸಹಾಯಕ ಕಾರ್ಲ್ ಗುಸ್ಸೆನ್‌ಬಾವರ್ ಆತನಿಗೆ ಕೃತಕ ಧ್ವನಿಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ಅಂದರೆ ಆಪರೇಶನ್ ಎಷ್ಟು ಹಳೆಯದೋ, ಮಾತು ಮರಳಿಸಬೇಕು ಅನ್ನುವ ಕಾಳಜಿಯೂ ಅಷ್ಟೇ ಹಳೆಯದು.

ಈ ಆಪರೇಶನ್ ಆದಮೇಲೆ ಶ್ವಾಸನಾಳದ ತುದಿಯನ್ನು ಕತ್ತಿನ ಕೆಳಭಾಗದ ಚರ್ಮಕ್ಕೆ ಹೊಲಿದಿರುತ್ತಾರೆ. ಅಲ್ಲಿಂದಲೇ ಇನ್ನು ಮುಂದೆ ಉಸಿರು. ಬಾಯಿ, ಮೂಗಿಗೂ ಶ್ವಾಸಕೋಶಕ್ಕೂ ನಂಟು ಕಡಿಯುತ್ತದೆ. ಊಟ ಮಾತ್ರ ಬಾಯಿಯಿಂದಲೇ. ಗಾಳಿ ಮೂಗಿನಲ್ಲಿ ಬಿಸಿಯಾಗುವುದು, ಒದ್ದೆಯಾಗುವುದು ನಿಲ್ಲುವುದರಿಂದ ಕಫ ಗಟ್ಟಿಯಾಗುತ್ತದೆ. ಅದಕ್ಕೆ ತೂತಿನ ಮೇಲೆ ತೇವ ಹಿಡಿದಿಡುವ ಸಣ್ಣ ಫಿಲ್ಟರ್ ಹಾಕಿಕೊಳ್ಳಬೇಕು. ಸ್ನಾನ ಮಾಡುವಾಗ ನೀರು ಒಳಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ವಾಸನೆ ಗೊತ್ತಾಗುವುದಿಲ್ಲ, ಯಾಕೆಂದರೆ ಮೂಗಿನಲ್ಲಿ ಗಾಳಿಯೇ ಓಡಾಡುವುದಿಲ್ಲ. ಇದಕ್ಕೆ ನೆದರ್ಲೆಂಡ್ಸ್‌ನ ವೈದ್ಯರು ಒಂದು ಸರಳ ಅಭ್ಯಾಸ ಕಲಿಸಿದರು. ತುಟಿ ಮುಚ್ಚಿಕೊಂಡು ಆಕಳಿಸಬೇಕು. ದವಡೆ, ನಾಲಿಗೆ ಕೆಳಕ್ಕೆ ಹೋದಾಗ ಬಾಯೊಳಗೆ ಜಾಗ ಹಿಗ್ಗಿ, ಮೂಗಿನಿಂದ ಸ್ವಲ್ಪ ಗಾಳಿ ಒಳಕ್ಕೆ ಬರುತ್ತದೆ. ಅಷ್ಟು ಗಾಳಿ ಸಾಕು, ವಾಸನೆ ತಿಳಿಯುತ್ತದೆ. ಅಭ್ಯಾಸ ಮಾಡಿದರೆ ಹಲವರಿಗೆ ಇದು ಒಲಿಯುತ್ತದೆ.

ಮಾತಿಗೆ ಮೂರು ದಾರಿಗಳು. ಗಾಳಿಯನ್ನು ಅನ್ನನಾಳದ ಮೇಲ್ಭಾಗಕ್ಕೆ ತುಂಬಿ, ತೇಗಿನ ಹಾಗೆ ಬಿಟ್ಟು ಅದನ್ನೇ ಮಾತಾಗಿಸುವುದು ಒಂದು. ಕಲಿಯಲು ತಿಂಗಳುಗಳು ಬೇಕು. ಕತ್ತಿಗೆ ಒತ್ತಿ ಹಿಡಿಯುವ ಎಲೆಕ್ಟ್ರೋಲಾರಿಂಕ್ಸ್ ಇನ್ನೊಂದು. ಕಲಿಯುವುದು ಸುಲಭ, ಆದರೆ ಸ್ವರ ಯಂತ್ರದ್ದು. ಮೂರನೆಯದನ್ನು ಮಾರ್ಕ್ ಸಿಂಗರ್ ಮತ್ತು ಎರಿಕ್ ಬ್ಲಾಮ್ 1980ರಲ್ಲಿ ಪ್ರಕಟಿಸಿದರು. ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಪುಟ್ಟ ತೂತು, ಅದರಲ್ಲಿ ಒಂದೇ ದಿಕ್ಕಿಗೆ ತೆರೆಯುವ ಸಿಲಿಕೋನ್ ವಾಲ್ವ್. ಕತ್ತಿನ ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟಿ ಅನ್ನನಾಳದ ಮೇಲ್ತುದಿಯನ್ನು ಅದುರಿಸುತ್ತದೆ. ಮಾತು ಬರುತ್ತದೆ, ಶ್ವಾಸಕೋಶದ ಪೂರ್ತಿ ಉಸಿರು ಹಿಂದೆ ಇರುವುದರಿಂದ ಉದ್ದದ ವಾಕ್ಯವೂ ಬರುತ್ತದೆ. ವಾಲ್ವ್ ಮೇಲೆ ಬೂಷ್ಟು ಬೆಳೆದು ನೀರು ಸೋರತೊಡಗಿದರೆ ಬದಲಿಸಬೇಕು, ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ. ಕಾಂಡ್ರೋಸಾರ್ಕೋಮಾ ರೋಗಿಗಳಿಗೆ ಇಲ್ಲಿ ಒಂದು ಅನುಕೂಲ ಇದೆ. ಅವರ ಗಂಟಲಿಗೆ ಮೊದಲು ರೇಡಿಯೇಶನ್ ಆಗಿರುವುದಿಲ್ಲ, ಹಾಗಾಗಿ ಗಾಯ ಚೆನ್ನಾಗಿ ಮಾಯುತ್ತದೆ.

ಇತ್ತೀಚಿನ ಒಂದು ಬೆಳವಣಿಗೆ ಹೇಳಲೇಬೇಕು. 2024ರ ಫೆಬ್ರವರಿ 29ರಂದು ಅಮೆರಿಕದ ಅರಿಜೋನಾದ ಮೇಯೋ ಕ್ಲಿನಿಕ್‌ನಲ್ಲಿ ಡೇವಿಡ್ ಲಾಟ್ ನೇತೃತ್ವದ ತಂಡ 21 ಗಂಟೆಗಳ ಆಪರೇಶನ್‌ನಲ್ಲಿ ಒಬ್ಬ ರೋಗಿಗೆ ದಾನಿಯ ಧ್ವನಿಪೆಟ್ಟಿಗೆ ಕಸಿ ಮಾಡಿತು. ಆ ರೋಗಿಗೆ ಇದ್ದದ್ದು ಇದೇ ಕಾಂಡ್ರೋಸಾರ್ಕೋಮಾ. ಕ್ಯಾನ್ಸರ್ ಇನ್ನೂ ಇರುವವರಿಗೆ ಸಾಮಾನ್ಯವಾಗಿ ಅಂಗಾಂಗ ಕಸಿ ಮಾಡುವುದಿಲ್ಲ. ಕಸಿ ಆದಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಅದರಿಂದ ಅಳಿದುಳಿದ ಕ್ಯಾನ್ಸರ್ ಹೆಡೆಯೆತ್ತುವ ಭಯ ಇರುತ್ತದೆ. ಹರಡುವ ಗುಣ ಕಡಿಮೆ ಇರುವುದರಿಂದಲೇ ಈ ಕಾಯಿಲೆಯಲ್ಲಿ ಅದನ್ನು ಪ್ರಯತ್ನಿಸಲು ಧೈರ್ಯ ಬಂತು. ಕೆಲವೇ ತಿಂಗಳಲ್ಲಿ ಅವರು ಮಾತಾಡಿದರು, ನುಂಗಿದರು. ಇದು ಇನ್ನೂ ಸಂಶೋಧನೆಯ ಹಂತದ್ದು. ಆದರೂ ಈ ಸುದ್ದಿ ಓದಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಉಪನ್ಯಾಸದ ನಂತರ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮನೆಯಲ್ಲಿ ಒಬ್ಬರಿಗೆ ಬಂದರೆ ಮಕ್ಕಳಿಗೂ ಬರುತ್ತದಾ ಅಂತ ಒಬ್ಬರು ಕೇಳಿದರು. ಸಾಮಾನ್ಯವಾಗಿ ಇಲ್ಲ. ಇದು ವಂಶದಲ್ಲಿ ಹರಿದುಬರುವ ಕಾಯಿಲೆ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ವಯಸ್ಸಾದವರಿಗೆ ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಸಣ್ಣ ಗಡ್ಡೆ ಕಂಡರೆ ಏನು ಮಾಡಬೇಕು ಅನ್ನುವುದು ಇನ್ನೊಬ್ಬರ ಪ್ರಶ್ನೆ. ಸೌಮ್ಯ ದರ್ಜೆಯದ್ದು, ಉಸಿರಿಗೂ ಊಟಕ್ಕೂ ತೊಂದರೆ ಇಲ್ಲ ಅಂದರೆ ಆಗಾಗ ಸ್ಕ್ಯಾನ್ ಮಾಡುತ್ತಾ ಕಾದು ನೋಡುವುದೂ ಸರಿಯಾದ ಚಿಕಿತ್ಸೆಯೇ. ಆದರೆ ಉಸಿರಾಟದಲ್ಲಿ ಸದ್ದು ಶುರುವಾದರೆ ಅವತ್ತೇ ಆಸ್ಪತ್ರೆಗೆ ಬರಬೇಕು.

ಕತ್ತಿನಲ್ಲಿ ಉಸಿರಾಡುವವರು ರಸ್ತೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ? ತುಂಬಾ ಒಳ್ಳೆಯ ಪ್ರಶ್ನೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರಿಗೆ ಬಾಯಿಗೆ ಬಾಯಿ ಇಟ್ಟು ಊದಿದರೆ, ಮೂಗಿಗೆ ಆಕ್ಸಿಜನ್ ಮಾಸ್ಕ್ ಹಾಕಿದರೆ ಶ್ವಾಸಕೋಶಕ್ಕೆ ಏನೂ ಹೋಗುವುದಿಲ್ಲ. ಆಕ್ಸಿಜನ್ ಕತ್ತಿನ ತೂತಿಗೇ ಕೊಡಬೇಕು. ಅಂಥವರು ಕತ್ತಿನಿಂದ ಉಸಿರಾಡುತ್ತೇನೆ ಅಂತ ಬರೆದ ಕಾರ್ಡ್ ಅಥವಾ ಕೈಪಟ್ಟಿ ಸದಾ ಇಟ್ಟುಕೊಂಡಿರಬೇಕು, ಮನೆಯವರೆಲ್ಲರಿಗೂ ಇದು ಗೊತ್ತಿರಬೇಕು.

ದೊಡ್ಡ ಆಪರೇಶನ್‌ಗೆ ಮೊದಲು ಮನೆಯವರು ಏನಾದರೂ ತಯಾರಿ ಮಾಡಿಕೊಳ್ಳಬಹುದಾ ಅಂತಲೂ ಕೇಳಿದರು. ಖಂಡಿತ. ಸ್ಪೀಚ್ ಥೆರಪಿಸ್ಟ್ ಅವರನ್ನು ಆಪರೇಶನ್‌ಗೆ ಮೊದಲೇ ಭೇಟಿ ಮಾಡಿ. ಈಗಾಗಲೇ ಈ ಆಪರೇಶನ್ ಆಗಿ ಮಾತಾಡುತ್ತಿರುವ ಒಬ್ಬರನ್ನು ಕಂಡು ಮಾತಾಡಿಸಲು ಆದರೆ ಅದಕ್ಕಿಂತ ಧೈರ್ಯ ಬೇರೆ ಇಲ್ಲ. ಮತ್ತೆ, ಧ್ವನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬರೆದದ್ದನ್ನು ಅವರದೇ ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶಗಳು ಈಗ ಬಂದಿವೆ, ಅವಕ್ಕೆ ಈ ರೆಕಾರ್ಡಿಂಗ್ ಬೇಕಾಗುತ್ತದೆ.

ಎಷ್ಟು ವರ್ಷ ತಪಾಸಣೆಗೆ ಬರಬೇಕು ಅನ್ನುವುದು ಕೊನೆಯ ಪ್ರಶ್ನೆ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಐದು ವರ್ಷ ದಾಟಿದರೆ ಗೆದ್ದೆವು ಅನ್ನುತ್ತಾರೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹತ್ತು ವರ್ಷದ ನಂತರವೂ ಅದೇ ಜಾಗದಲ್ಲಿ ಗಡ್ಡೆ ಮರಳಿದ್ದುಂಟು, ಅದರಲ್ಲೂ ಧ್ವನಿಪೆಟ್ಟಿಗೆ ಉಳಿಸಿಕೊಂಡವರಲ್ಲಿ. ಆದ್ದರಿಂದ ಜೀವನಪೂರ್ತಿ. ಎಂಡೋಸ್ಕೋಪಿ, ಕತ್ತಿನ ಸ್ಕ್ಯಾನ್, ಆಗೊಮ್ಮೆ ಈಗೊಮ್ಮೆ ಶ್ವಾಸಕೋಶದ ಸ್ಕ್ಯಾನ್, ಯಾಕೆಂದರೆ ಹರಡಿದರೆ ಹೆಚ್ಚಾಗಿ ಅಲ್ಲಿಗೇ ಹರಡುವುದು. ಮೊದಲ ಆಪರೇಶನ್ನಿನ ಸ್ಕ್ಯಾನ್, ಸ್ಲೈಡ್, ರಿಪೋರ್ಟ್ ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಹದಿನೈದು ವರ್ಷದ ನಂತರ ನಿಮ್ಮನ್ನು ನೋಡುವ ಹೊಸ ವೈದ್ಯರು ಮೊದಲು ಕೇಳುವುದು ಅದನ್ನೇ.